ಕಾವಲು ಎಲ್ಲಿ ನಿಲ್ಲಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಎಲ್ಲಕ್ಕಿಂತ ಮಿಗಿಲಾಗಿ ಹೃದಯವನ್ನು ಕಾಪಾಡಿಕೊಳ್ಳಬೇಕು, ಜೀವ ಹೊರಡುವುದು ಅಲ್ಲಿಂದಲೇ ಎನ್ನುವ ಸತ್ಯವೇದದ ಜ್ಞಾನೋಕ್ತಿಯ ಮಾತನ್ನು (4:23) ಹಿಂದಿನ ಸಂಚಿಕೆಯಲ್ಲಿ ಧ್ಯಾನಕ್ಕೆ ಕೊಟ್ಟಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ಕೇಳಿದ್ದು ಕಣ್ಣಿನ ಬಗ್ಗೆ. ಕೇಳಬೇಕಾದದ್ದೂ ಅದನ್ನೇ. ಆ ಅಧ್ಯಾಯದ 20ರಿಂದ 27ರವರೆಗಿನ ವಚನಗಳನ್ನು ಒಟ್ಟಿಗೆ ಓದಿದರೆ ಮೊದಲು ಕಿವಿ ಬರುತ್ತದೆ, ಆಮೇಲೆ ಕಣ್ಣು, ನಡುವೆ ಹೃದಯ, ಬಳಿಕ ಬಾಯಿ, ಮತ್ತೆ ಕಣ್ಣು, ಕೊನೆಗೆ ಕಾಲು. ಹೃದಯವೊಂದನ್ನೇ ಪ್ರತ್ಯೇಕವಾಗಿ ಕಾಯಲು ಬರುವುದಿಲ್ಲ. ಅದಕ್ಕೆ ಒಳಗೂ ಹೊರಗೂ ಇರುವ ಬಾಗಿಲುಗಳನ್ನು ಕಾಯಬೇಕು. ಪತ್ರ ಬರೆದವರ ಹೆಸರು, ಊರು ಕೊಟ್ಟಿಲ್ಲ. ಕೆಲವು ಪತ್ರಗಳನ್ನು ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ನನಗೆ 24 ವರ್ಷ. ಕೆಲಸಕ್ಕೆ ದಿನಾ ಮೆಟ್ರೋದಲ್ಲಿ ಹೋಗಿಬರುತ್ತೇನೆ. ಹುಡುಗಿಯೊಬ್ಬಳು ಕಣ್ಣಿಗೆ ಬಿದ್ದು ಚೆಂದ ಕಂಡರೆ ಸಾಕು, ಪಾಪ ಮಾಡಿಬಿಟ್ಟೆ ಅನ್ನಿಸುತ್ತದೆ. ಹೆಣ್ಣನ್ನು ಮೋಹಿಸಿ ನೋಡುವವನು ಆಗಲೇ ಮನಸ್ಸಿನಲ್ಲಿ ವ್ಯಭಿಚಾರ ಮಾಡಿದವನಾದನು ಎನ್ನುವ ಮತ್ತಾಯ 5:28 ನೆನಪಾಗಿ ಭಯವಾಗುತ್ತದೆ. ನೆಲ ನೋಡಿಕೊಂಡೇ ಓಡಾಡಬೇಕೆ?

ಕಣ್ಣಿಗೆ ಬೀಳುವುದೇ ಬೇರೆ, ಕಣ್ಣು ನೆಡುವುದೇ ಬೇರೆ. ಯೇಸು ಅಲ್ಲಿ ಮಾತಾಡುತ್ತಿರುವುದು ಮೋಹಿಸಬೇಕೆಂಬ ಉದ್ದೇಶದಿಂದಲೇ ನೋಡುವವನ ವಿಷಯ. ವ್ಯಭಿಚಾರ ಮಾಡಬಾರದೆಂಬ ಆಜ್ಞೆಯನ್ನು, ನೆರೆಯವನ ಹೆಂಡತಿಯನ್ನು ಆಶಿಸಬಾರದೆಂಬ ಆಜ್ಞೆಯೊಂದಿಗೆ ಸೇರಿಸಿ ಆತನು ಓದುತ್ತಿದ್ದಾನೆ. ಒಬ್ಬರು ಚೆಂದ ಕಂಡರು ಎನ್ನುವುದು ನಿಮ್ಮ ಕಣ್ಣು ಕೊಟ್ಟ ಸುದ್ದಿ ಅಷ್ಟೇ. ಆ ಸುದ್ದಿಯನ್ನು ಇಟ್ಟುಕೊಂಡು ಮನಸ್ಸು ಮುಂದೇನು ಮಾಡುತ್ತದೆ ಎಂಬಲ್ಲಿ ಶೋಧನೆ, ಅಂದರೆ ಪಾಪದ ಕಡೆಗಿನ ಸೆಳೆತ, ಶುರುವಾಗುತ್ತದೆ. ಶೋಧನೆಯೂ ಇನ್ನೂ ಪಾಪವಲ್ಲ. ನಮ್ಮ ಹಾಗೆಯೇ ಎಲ್ಲದರಲ್ಲೂ ಶೋಧನೆಗೆ ಒಳಗಾದ ಕ್ರಿಸ್ತನು ಪಾಪರಹಿತನಾಗಿದ್ದನು (ಇಬ್ರಿಯ 4:15). ಯಾಕೋಬನ ಪತ್ರಿಕೆ ಇದಕ್ಕೊಂದು ಕ್ರಮವನ್ನೇ ಕೊಡುತ್ತದೆ: ಆಶೆ ಎಳೆಯುತ್ತದೆ, ಬಸುರಾಗುತ್ತದೆ, ಪಾಪವನ್ನು ಹೆರುತ್ತದೆ, ಪಾಪ ಬೆಳೆದು ಮರಣವನ್ನು ಹೆರುತ್ತದೆ (1:14–15). ಎಳೆತಕ್ಕೂ ಬಸುರಿಗೂ ನಡುವೆ ನಿಮ್ಮ ಒಪ್ಪಿಗೆ ಇದೆ.

ಇದು ಇವತ್ತಿನ ತಿಳಿವಳಿಕೆ ಏನಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಎವಾಗ್ರಿಯಸ್ ಇದನ್ನೇ ಕಲಿಸಿದರು. ಕೆಟ್ಟ ಯೋಚನೆ ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ, ಅದು ನಮ್ಮಲ್ಲಿ ತಂಗುವುದು ಬಿಡುವುದು ನಮ್ಮ ಕೈಯಲ್ಲಿದೆ ಎಂದರು. ಬಿಷಪ್ ಅಗಸ್ಟೀನರು ತಮ್ಮ ಮಠದ ಸಹೋದರರಿಗೆ ಬರೆದುಕೊಟ್ಟ ನಿಯಮದಲ್ಲೂ ಹೊರಗೆ ಹೋದಾಗ ಸ್ತ್ರೀಯರನ್ನು ನೋಡಲೇಬಾರದು ಎಂದಿಲ್ಲ. ಕಣ್ಣು ನೆಡಬಾರದು, ಅವರನ್ನು ಬಯಸಬಾರದು, ಅವರು ತನ್ನನ್ನು ಬಯಸಲಿ ಎಂದೂ ಹಂಬಲಿಸಬಾರದು ಎಂದಿದೆ. ಈ ಕೊನೆಯದನ್ನು ಯುವಕರು ಹೆಚ್ಚಾಗಿ ಮರೆಯುತ್ತಾರೆ. ತಾನು ನೋಡುವುದರ ಬಗ್ಗೆ ಎಚ್ಚರವಾಗಿದ್ದು, ತನ್ನನ್ನು ಯಾರಾದರೂ ನೋಡಲಿ ಎಂದು ಹೊತ್ತು ಹೊತ್ತಿಗೂ ಸ್ಟೇಟಸ್ ಬದಲಿಸುತ್ತಾ ಕೂತರೆ ಕಾವಲಿನ ಅರ್ಧ ಭಾಗ ಖಾಲಿಯೇ ಉಳಿಯಿತು.

ನೆಲ ನೋಡಿಕೊಂಡು ಓಡಾಡುವುದರಲ್ಲಿ ಇನ್ನೊಂದು ತೊಂದರೆಯಿದೆ. ಹಾಗೆ ಮಾಡುವವನಿಗೆ ಎದುರಿಗಿರುವ ಹೆಣ್ಣು ಮನುಷ್ಯಳಾಗಿ ಕಾಣದೆ ಅಪಾಯವಾಗಿ ಮಾತ್ರ ಕಾಣುತ್ತಾಳೆ. ಯೇಸು ಹಾಗೆ ಇರಲಿಲ್ಲ. ಸಮಾರ್ಯದ ಬಾವಿಯ ಬಳಿ ಆತನು ಹೆಂಗಸೊಬ್ಬಳ ಸಂಗಡ ಮಾತಾಡುತ್ತಿದ್ದುದನ್ನು ಕಂಡು ಶಿಷ್ಯರೇ ಬೆರಗಾದರು (ಯೋಹಾನ 4:27). ಫರಿಸಾಯನಾದ ಸೀಮೋನನ ಮನೆಯಲ್ಲಿ, ಊರೆಲ್ಲ ಪಾಪಿಷ್ಠಳೆಂದು ಕರೆಯುತ್ತಿದ್ದವಳನ್ನು ತೋರಿಸಿ, ಈ ಹೆಂಗಸನ್ನು ನೋಡುತ್ತೀಯಾ ಎಂದು ಕೇಳಿದನು (ಲೂಕ 7:44). ಸೀಮೋನ ಆಕೆಯನ್ನು ನೋಡಿದ್ದನು, ಆದರೆ ಆಕೆಯ ಕಣ್ಣೀರು ಅವನಿಗೆ ಕಂಡಿರಲಿಲ್ಲ. ಕಣ್ಣಿನ ಕಾವಲಿನ ಗುರಿ ಕಡಿಮೆ ನೋಡುವುದಲ್ಲ, ಸರಿಯಾಗಿ ನೋಡುವುದು.

ಮೆಟ್ರೋದಲ್ಲಿ ಮಾಡಬೇಕಾದದ್ದು ಸಣ್ಣದು. ಕಣ್ಣು ಬಿದ್ದಾಗ ಗಾಬರಿಯಾಗಬೇಡಿ. ಗಾಬರಿಯಾದರೆ ಮನಸ್ಸು ಆ ಚಿತ್ರವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನೋಟವನ್ನು ಸಹಜವಾಗಿ ಬೇರೆ ಕಡೆ ತಿರುಗಿಸಿ. ಆಕೆಯೂ ಒಬ್ಬರ ಮಗಳು, ದೇವರ ಸ್ವರೂಪದಲ್ಲಿ ಉಂಟಾದವಳು ಎಂದು ನೆನೆದು, ‘ಕರ್ತನೇ, ಅವಳ ಈ ದಿನವನ್ನು ಆಶೀರ್ವದಿಸು’ ಎಂದು ಒಂದೇ ಮಾತು ಪ್ರಾರ್ಥಿಸಿ, ಅಲ್ಲಿಗೆ ಬಿಡಿ. ಪ್ರಾರ್ಥನೆ ಉದ್ದ ಮಾಡಬೇಡಿ. ಉದ್ದವಾದರೆ ಅವಳ ಬಗ್ಗೆ ಯೋಚಿಸಲು ಅದೇ ನೆಪವಾಗುತ್ತದೆ. ಎರಡನೆಯ ಸಲ ತಿರುಗಿ ನೋಡಬೇಕು ಅನ್ನಿಸುತ್ತದಲ್ಲ, ನೀವು ಎಚ್ಚರವಾಗಿರಬೇಕಾದ ಜಾಗ ಅದು.

ಪ್ರಶ್ನೆ: ದೇವರ ಮನಸ್ಸಿಗೆ ಒಪ್ಪಿದವನೆಂದು ಹೆಸರಾದ ದಾವೀದನೇ ಬಿದ್ದ ಮೇಲೆ ನಮ್ಮಂಥವರ ಗತಿ ಏನು? ಅವನು ಯಾವ ಹಂತದಲ್ಲಿ ನಿಲ್ಲಬಹುದಿತ್ತು?

2 ಸಮುವೇಲ 11ನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಅದನ್ನು ಬರೆದವರು ಒಂದೊಂದು ಮೆಟ್ಟಿಲನ್ನೂ ಗುರುತಿಸಿದ್ದಾರೆ.

ಅರಸರು ಯುದ್ಧಕ್ಕೆ ಹೊರಡುವ ಕಾಲ. ಸೈನ್ಯವೆಲ್ಲ ಸೇನಾಪತಿ ಯೋವಾಬನ ಜೊತೆ ಅಮ್ಮೋನಿಯರ ರಬ್ಬಕ್ಕೆ ಮುತ್ತಿಗೆ ಹಾಕಿದೆ, ದಾವೀದನು ಯೆರೂಸಲೇಮಿನಲ್ಲೇ ಉಳಿದಿದ್ದಾನೆ. ಸಂಜೆ ಹಾಸಿಗೆಯಿಂದೆದ್ದು ಅರಮನೆಯ ಮಾಳಿಗೆಯ ಮೇಲೆ ತಿರುಗಾಡುತ್ತಾನೆ. ಇಷ್ಟರಲ್ಲಿ ಪಾಪವೇನೂ ಇಲ್ಲ. ಆದರೆ ಜೊತೆಗಾರರಿಲ್ಲ, ಕೆಲಸವಿಲ್ಲ, ತಡೆಯುವವರೂ ಇಲ್ಲ. ಅಲ್ಲಿಂದ ಸ್ನಾನ ಮಾಡುತ್ತಿದ್ದ ಸ್ತ್ರೀ ಕಾಣುತ್ತಾಳೆ. ಇದೂ ಇನ್ನೂ ಪಾಪವಲ್ಲ. ಕೆಳಗಿಳಿದು ಹೋಗಿದ್ದರೆ ಅಧ್ಯಾಯ ಅಲ್ಲೇ ಮುಗಿಯುತ್ತಿತ್ತು. ಅವನು ಆಳು ಕಳುಹಿಸಿ ವಿಚಾರಿಸಿದನು. ಹೆಜ್ಜೆ ತಪ್ಪಿದ್ದು ಇಲ್ಲಿ. ಕಣ್ಣಿಗೆ ಕಂಡದ್ದನ್ನು ಅವನು ಹುಡುಕಾಟವಾಗಿ ಮಾಡಿಕೊಂಡನು. ಹುಡುಕಾಟಕ್ಕೆ ಬಂದ ಉತ್ತರವೇ ಎಚ್ಚರಿಕೆಯಾಗಿತ್ತು: ಆಕೆ ಎಲೀಯಾಮನ ಮಗಳಾದ ಬತ್ಷೆಬೆ, ಹಿತ್ತಿಯನಾದ ಊರೀಯನ ಹೆಂಡತಿ. ಅದೇ ಪುಸ್ತಕದ 23ನೇ ಅಧ್ಯಾಯದಲ್ಲಿ ದಾವೀದನ ಪರಾಕ್ರಮಶಾಲಿಗಳ ಪಟ್ಟಿಯಿದೆ. ಆ ಎರಡೂ ಹೆಸರು ಅಲ್ಲಿ ಸಿಗುತ್ತವೆ. ಅವನಿಗೋಸ್ಕರ ಪ್ರಾಣ ಪಣಕ್ಕಿಟ್ಟವರ ಮನೆಯ ಹೆಣ್ಣು ಆಕೆ. ಅಷ್ಟು ತಿಳಿದ ಮೇಲೂ ಆಳು ಕಳುಹಿಸಿ ಕರೆಸಿಕೊಂಡನು.

ಈಗ ಆದಿಕಾಂಡ 3:6 ತೆಗೆಯಿರಿ. ಹವ್ವಳು ನೋಡಿದಳು, ರಮ್ಯವೆಂದು ಕಂಡಳು, ತೆಗೆದುಕೊಂಡಳು, ತಿಂದಳು, ಕೊಟ್ಟಳು. ಯೆಹೋಶುವ 7:21ರಲ್ಲಿ, ಯೆರಿಕೋವಿನ ಕೊಳ್ಳೆಯಿಂದ ಕದ್ದ ಆಕಾನನು ತಪ್ಪೊಪ್ಪಿಕೊಂಡ ಮಾತು: ಕಂಡೆನು, ಆಶಿಸಿದೆನು, ತೆಗೆದುಕೊಂಡೆನು, ಹೂತಿಟ್ಟೆನು. ಮೂರು ಬೇರೆ ಕಾಲ, ಮೂರು ಬೇರೆ ವಸ್ತು, ಆದರೆ ಮೆಟ್ಟಿಲುಗಳು ಒಂದೇ. ನಾವು ಸಾಮಾನ್ಯವಾಗಿ ‘ತೆಗೆದುಕೊಳ್ಳುವ’ ಮೆಟ್ಟಿಲಿನ ಹತ್ತಿರ ಕಾವಲು ನಿಲ್ಲಿಸುತ್ತೇವೆ. ಅಷ್ಟು ಹೊತ್ತಿಗೆ ಹೃದಯ ಆಗಲೇ ಆ ಕಡೆ ಹೋಗಿ ಆಗಿರುತ್ತದೆ, ಕಾವಲಿಗೆ ಬಲ ಇರುವುದಿಲ್ಲ. ಸತ್ಯವೇದ ಕಾವಲು ನಿಲ್ಲಿಸುವುದು ನೋಡುವುದಕ್ಕೂ ಆಶಿಸುವುದಕ್ಕೂ ನಡುವೆ. ಎಷ್ಟೋ ಸಲ ಅದಕ್ಕೂ ಮುಂಚೆ. ಪರಸ್ತ್ರೀಯ ಮನೆಯ ಬಾಗಿಲ ಹತ್ತಿರಕ್ಕೂ ಹೋಗಬೇಡ ಎನ್ನುತ್ತದೆ ಜ್ಞಾನೋಕ್ತಿ 5:8. ಒಳಗೆ ಹೋಗಿ ಗಟ್ಟಿಯಾಗಿರು ಎಂದು ಎಲ್ಲಿಯೂ ಹೇಳಿಲ್ಲ. ತಾನು ಕಣ್ಣುಗಳೊಂದಿಗೆ ಒಪ್ಪಂದ ಮಾಡಿಕೊಂಡಿದ್ದೇನೆ ಎಂದು ಯೋಬನು ಹೇಳುವಾಗಲೂ (31:1), ಅದು ಶೋಧನೆಯ ಗಳಿಗೆಯಲ್ಲಿ ಮಾಡಿದ ತೀರ್ಮಾನವಲ್ಲ, ಮೊದಲೇ ಮಾಡಿಟ್ಟದ್ದು.

ಯೋಸೇಫನನ್ನು ದಾವೀದನ ಪಕ್ಕದಲ್ಲಿಟ್ಟು ಓದಿದರೆ ಇದು ಇನ್ನೂ ತಿಳಿಯಾಗುತ್ತದೆ. ಹದಿನೇಳರ ವಯಸ್ಸಿನ ಸುಮಾರಿಗೆ ಮಾರಾಟವಾಗಿ, ಯಾರ ಕಣ್ಣಿಗೂ ಬೀಳದ ಪರದೇಶದಲ್ಲಿದ್ದನು. ಧಣಿ ಪೋಟೀಫರನ ಹೆಂಡತಿ ದಿನದಿನವೂ ಕಾಡಿದಳು. ಅವನು ಮೂರು ಕೆಲಸ ಮಾಡಿದನು. ಮೊದಲು, ಕಾರಣವನ್ನು ಬಾಯಿಬಿಟ್ಟು ಹೇಳಿದನು: ಧಣಿ ನನ್ನನ್ನು ನಂಬಿದ್ದಾನೆ, ದೇವರಿಗೆ ವಿರುದ್ಧವಾಗಿ ಹೇಗೆ ಪಾಪಮಾಡಲಿ. ಎರಡನೆಯದಾಗಿ, ಅವಳ ಹತ್ತಿರ ಇರುವುದಕ್ಕೂ ಒಪ್ಪಲಿಲ್ಲ (ಆದಿಕಾಂಡ 39:10). ಮೂರನೆಯದಾಗಿ, ಎರಡೂ ಸಾಲದೆ ಬಂದ ದಿನ ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿಹೋದನು. ಪ್ರಸಂಗಗಳಲ್ಲಿ ಓಟವನ್ನಷ್ಟೇ ಹೇಳುತ್ತೇವೆ. ಮೊದಲಿನ ಎರಡು ಇಲ್ಲದಿದ್ದರೆ ಆ ದಿನ ಕಾಲು ಏಳುತ್ತಿತ್ತೇ ಎಂಬುದು ಯೋಚಿಸಬೇಕಾದ ಮಾತು. ಓಡಿದ್ದಕ್ಕೆ ಸಿಕ್ಕಿದ್ದು ಸೆರೆಮನೆ ಎಂಬುದನ್ನೂ ಮರೆಯಬಾರದು. ಶುದ್ಧವಾಗಿ ಉಳಿದವರಿಗೆ ಕೂಡಲೇ ಒಳ್ಳೆಯದಾಗುತ್ತದೆ ಎಂದು ಯುವಕರಿಗೆ ಮಾತು ಕೊಡುವವರು ಈ ಅಧ್ಯಾಯವನ್ನು ಕೊನೆಯವರೆಗೆ ಓದಲಿ.

ಪ್ರಶ್ನೆ: ‘ಬಲಗಣ್ಣು ನಿನ್ನನ್ನು ಪಾಪದಲ್ಲಿ ಸಿಕ್ಕಿಸಿದರೆ ಕಿತ್ತು ಬಿಸಾಡು’ ಎಂಬುದನ್ನು ಅಕ್ಷರಶಃ ತೆಗೆದುಕೊಂಡವರು ಇದ್ದಾರೆಯೇ?

ಕಣ್ಣಲ್ಲ, ಪರಲೋಕರಾಜ್ಯಕ್ಕಾಗಿ ತಮ್ಮನ್ನು ನಪುಂಸಕರಾಗಿ ಮಾಡಿಕೊಂಡವರಿದ್ದಾರೆ ಎಂಬ, ಅದೇ ಬಗೆಯ ಇನ್ನೊಂದು ಮಾತನ್ನು (ಮತ್ತಾಯ 19:12) ಯೌವನದಲ್ಲಿ ಅಕ್ಷರಶಃ ನಡೆಸಿ, ಮೂರನೆಯ ಶತಮಾನದ ವೇದಪಂಡಿತ ಓರಿಗೆನ್ ತಮ್ಮನ್ನು ತಾವೇ ನಪುಂಸಕ ಮಾಡಿಕೊಂಡರೆಂದು ಸಭಾ ಚರಿತ್ರೆಕಾರ ಯೂಸೇಬಿಯಸ್ ಬರೆದಿದ್ದಾರೆ. ಅದೇ ಓರಿಗೆನ್ ಮುಂದೆ ಮತ್ತಾಯನ ಸುವಾರ್ತೆಗೆ ವ್ಯಾಖ್ಯಾನ ಬರೆದಾಗ ಹಾಗೆ ಓದುವುದು ತಪ್ಪು ಎಂದರು. ಕ್ರಿ.ಶ. 325ರ ನೈಸೀಯ ಮಹಾಸಭೆಯ ಮೊತ್ತಮೊದಲ ನಿಯಮವೇ, ಆರೋಗ್ಯವಾಗಿದ್ದೂ ತನ್ನ ಅಂಗವನ್ನು ತಾನೇ ಛೇದಿಸಿಕೊಂಡವನು ಸಭಾ ಸೇವೆಯಲ್ಲಿ ಇರಕೂಡದು ಎಂಬುದು. ಬಲಗಣ್ಣು ಕಿತ್ತರೆ ಎಡಗಣ್ಣು ನೋಡುತ್ತದೆ, ಎರಡೂ ಹೋದರೆ ನೆನಪು ನೋಡುತ್ತದೆ. ದುರಾಲೋಚನೆ ಹೊರಡುವುದು ಹೃದಯದೊಳಗಿಂದ ಎಂದು ಯೇಸುವೇ ಹೇಳಿದ್ದಾನೆ (ಮಾರ್ಕ 7:21). ಆದರೂ ಆ ಮಾತನ್ನು ಬರೀ ಅಲಂಕಾರವೆಂದು ತಳ್ಳಿಹಾಕಬೇಡಿ. ಬೆಲೆಯುಳ್ಳದ್ದು, ದಿನಾ ಬಳಸುವಂಥದ್ದು, ಬಿಟ್ಟರೆ ನಿಜವಾಗಿ ನೋಯುವಂಥದ್ದು ಪಾಪಕ್ಕೆ ದಾರಿಯಾದರೆ ತಡಮಾಡದೆ ಕಡಿದುಹಾಕು ಎನ್ನುವುದು ಅದರ ತಿರುಳು. ಇಂದು ಅದು ಒಂದು ಆ್ಯಪ್ ಇರಬಹುದು, ಒಂದು ಗೆಳೆತನ ಇರಬಹುದು, ಕೆಲವರಿಗೆ ಸ್ಮಾರ್ಟ್‌ಫೋನೇ ಇರಬಹುದು.

ಪ್ರಶ್ನೆ: ನಾನು ಪಿಜಿಯಲ್ಲಿ ಇರುವ ಇಂಜಿನಿಯರ್. ರಾತ್ರಿ ಫೋನಿನಲ್ಲಿ ಅಶ್ಲೀಲ ವಿಡಿಯೊ ನೋಡುವ ಚಟ ವರ್ಷಗಳಿಂದ ಇದೆ. ಉಪವಾಸ ಮಾಡಿದ್ದೇನೆ, ಕೂಟಗಳಲ್ಲಿ ಅತ್ತು ಪ್ರಾರ್ಥಿಸಿದ್ದೇನೆ, ಫೋನಿಗೆ ಫಿಲ್ಟರ್ ಹಾಕಿದ್ದೇನೆ. ಎರಡು ಮೂರು ವಾರಕ್ಕೆ ಮತ್ತೆ ಅಲ್ಲಿಗೇ. ಸ್ಪಷ್ಟವಾಗಿ ಏನು ಮಾಡಬೇಕು ಹೇಳಿ.

ಉಪವಾಸ, ಪ್ರಾರ್ಥನೆ, ಫಿಲ್ಟರ್ ಮೂರೂ ಬೇಕು. ಸೋಲುತ್ತಿರುವುದು ಬಹುಶಃ ಯುದ್ಧ ರಾತ್ರಿ ಹನ್ನೊಂದಕ್ಕೆ ಶುರುವಾಗುತ್ತದೆಂದು ನೀವು ಎಣಿಸಿರುವುದರಿಂದ. ಅದು ಸಂಜೆ ಆರಕ್ಕೇ ಶುರುವಾಗಿರುತ್ತದೆ.

ಮೊದಲು ಒಂದು ವಾರ ಬರೆದಿಡಿ. ಶೋಧನೆ ಬಂದಾಗಲೆಲ್ಲ ಹೊತ್ತು, ಜಾಗ, ಅದಕ್ಕಿಂತ ಒಂದು ಗಂಟೆ ಮುಂಚೆ ಏನು ನಡೆದಿತ್ತು ಎಂಬ ಮೂರೇ ವಿಷಯ. ಏನು ನೋಡಿದಿರಿ ಎಂದು ಬರೆಯಬೇಡಿ, ಅದು ಮನಸ್ಸನ್ನು ಮತ್ತೆ ಅಲ್ಲಿಗೇ ಒಯ್ಯುತ್ತದೆ. ಜ್ಞಾನೋಕ್ತಿ 7ನೇ ಅಧ್ಯಾಯದಲ್ಲಿ ಬುದ್ಧಿಯಿಲ್ಲದ ಯುವಕನ ಬಗ್ಗೆ ಹೇಳುವಾಗ ಸ್ಥಳವೂ ಹೊತ್ತೂ ಗುರುತಾಗಿವೆ: ಅವಳ ಮನೆಯ ಮೂಲೆ, ಸಂಜೆಯ ಮಬ್ಬು, ರಾತ್ರಿಯ ಕತ್ತಲೆ. ನಿಮ್ಮ ಚೀಟಿಯಲ್ಲೂ ಒಂದು ಕ್ರಮ ಕಾಣುತ್ತದೆ. ಆಫೀಸಿನಲ್ಲಿ ಬೈಸಿಕೊಂಡ ದಿನ, ಊಟ ತಪ್ಪಿಸಿದ ದಿನ, ಭಾನುವಾರ ಮಧ್ಯಾಹ್ನದ ಖಾಲಿ ಹೊತ್ತು, ಮನೆಯಿಂದ ಫೋನು ಬಂದು ಬೇಸರವಾದ ರಾತ್ರಿ. ಎಷ್ಟೋ ಜನರಿಗೆ ಆಗ ನಿಜವಾಗಿ ಬೇಕಿರುವುದು ನಿದ್ದೆ ಅಥವಾ ಮಾತಾಡುವ ಜೊತೆ.

ಎರಡನೆಯದು, ಫೋನು ಮಲಗುವ ಜಾಗ ಬದಲಾಗಬೇಕು. ರಾತ್ರಿ ಹತ್ತಕ್ಕೆ ಅದು ನಿಮ್ಮ ಹಾಸಿಗೆಯಿಂದ ಎದ್ದು ನಡೆದು ಹೋಗಬೇಕಾದಷ್ಟು ದೂರದಲ್ಲಿ ಚಾರ್ಜಿಗೆ ಇರಲಿ. ಪಿಜಿಯಲ್ಲಿ ಹಾಲ್ ಇದ್ದರೆ ಹಾಲಿನಲ್ಲಿ. ಇಲ್ಲವಾದರೆ ರೂಮ್‌ಮೇಟ್ ಕಡೆಯ ಪ್ಲಗ್ಗಿನಲ್ಲಿ. ಅಲಾರಾಂ ಬೇಕು ಎನ್ನುವ ನೆಪ ಎಲ್ಲರೂ ಕೊಡುವಂಥದ್ದು. ಒಂದು ಟೈಂಪೀಸ್ ಕೊಂಡುಕೊಳ್ಳಿ.

ಮೂರನೆಯದು ಸೆಟ್ಟಿಂಗ್ಸ್. ಆಂಡ್ರಾಯ್ಡ್ ಫೋನಿನ ‘ಪ್ರೈವೇಟ್ ಡಿಎನ್‌ಎಸ್’ನಲ್ಲಿ ಕುಟುಂಬ ಫಿಲ್ಟರ್ ಕೊಡುವ ಸೇವೆಯ ವಿಳಾಸ ಹಾಕಿದರೆ ವೆಬ್‌ಸೈಟುಗಳ ಮಟ್ಟದಲ್ಲಿ ತಡೆ ಸಿಗುತ್ತದೆ. ಐಫೋನಿನಲ್ಲಿ ‘ಸ್ಕ್ರೀನ್ ಟೈಮ್’ ಒಳಗೆ ವಯಸ್ಕರ ವೆಬ್‌ಸೈಟುಗಳನ್ನು ಮಿತಗೊಳಿಸುವ ಆಯ್ಕೆಯಿದೆ. ಗೂಗಲ್‌ನಲ್ಲಿ ‘ಸೇಫ್‌ಸರ್ಚ್’ ಅನ್ನು ‘ಫಿಲ್ಟರ್’ಗೆ ಇಡಿ. ಇವು ಕೆಲಸ ಮಾಡದೆ ಹೋಗುವುದು ಎರಡು ಕಾರಣಕ್ಕೆ. ಮೊದಲನೆಯದು, ಪಾಸ್‌ಕೋಡ್ ನಿಮಗೇ ಗೊತ್ತಿರುತ್ತದೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಂಡ ಹಾಗೆ. ಅದನ್ನು ನಂಬಿಕೆಯ ಗೆಳೆಯನೊಬ್ಬ ಹಾಕಲಿ, ನಿಮಗೆ ಹೇಳದಿರಲಿ. ಎರಡನೆಯದು, ಆ್ಯಪ್‌ಗಳ ಒಳಗೆ ಬರುವುದನ್ನು ಈ ಫಿಲ್ಟರ್ ಬೇರ್ಪಡಿಸಲಾರದು. ಬೀಳುವವರು ನೇರವಾಗಿ ಅಶ್ಲೀಲ ತಾಣಕ್ಕೆ ಹೋಗುವುದು ಅಪರೂಪ. ರೀಲ್ಸ್ ನೋಡುತ್ತಾ ನೋಡುತ್ತಾ ಒಂದು ವಿಡಿಯೊದ ಮೇಲೆ ಬೆರಳು ನಿಲ್ಲುತ್ತದೆ. ಎಲ್ಲಿ ಹೆಚ್ಚು ಹೊತ್ತು ನಿಂತಿರಿ ಎಂಬುದನ್ನು ಆ್ಯಪ್ ಗಮನಿಸಿ ಅಂಥದ್ದನ್ನೇ ಮತ್ತೆ ತಂದು ಇಡುತ್ತದೆ. ದಾವೀದನು ಆಳು ಕಳುಹಿಸಿ ವಿಚಾರಿಸಬೇಕಾಯಿತು. ಇಲ್ಲಿ ಅಷ್ಟೂ ಬೇಕಿಲ್ಲ. ಆದ್ದರಿಂದ ಯೂಟ್ಯೂಬ್‌ನ ವಾಚ್ ಹಿಸ್ಟರಿ ಅಳಿಸಿ, ಆಫ್ ಮಾಡಿ. ಆಗ ಹೋಮ್ ಪುಟದಲ್ಲಿ ಶಿಫಾರಸು ಬರುವುದು ನಿಲ್ಲುತ್ತದೆ, ನೀವೇ ಹುಡುಕಿದ್ದು ಮಾತ್ರ ಸಿಗುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಶಿಫಾರಸುಗಳನ್ನು ರೀಸೆಟ್ ಮಾಡುವ ಆಯ್ಕೆಯಿದೆ. ನಿಮ್ಮ ಸ್ಥಿತಿಯಲ್ಲಿರುವವರಿಗೆ ನಮ್ಮ ಸಲಹೆ, ಮೂರು ತಿಂಗಳು ಆ ಆ್ಯಪ್ ಫೋನಿನಲ್ಲಿ ಇರುವುದೇ ಬೇಡ.

ನಾಲ್ಕನೆಯದು ವಾಕ್ಯ. ಅಡವಿಯಲ್ಲಿ ಸೈತಾನನು ಮೂರು ಸಲ ಶೋಧಿಸಿದಾಗ ಯೇಸು ಮೂರು ಸಲವೂ ಧರ್ಮೋಪದೇಶಕಾಂಡದಿಂದಲೇ ಉತ್ತರ ಕೊಟ್ಟನು (8:3, 6:16, 6:13). ಅದನ್ನು ಮಾದರಿಯಾಗಿಟ್ಟುಕೊಂಡು ಎವಾಗ್ರಿಯಸ್, ಯಾವ ಕೆಟ್ಟ ಯೋಚನೆಗೆ ಯಾವ ವಾಕ್ಯ ಎಂದು ಸುಮಾರು 500 ವಾಕ್ಯಗಳನ್ನು ಎಂಟು ಭಾಗ ಮಾಡಿ ಜೋಡಿಸಿಟ್ಟರು. ನಿಮಗೆ ಅಷ್ಟು ಬೇಡ, ಮೂರು ಸಾಕು. ಕೀರ್ತನೆ 119:37, 1 ಕೊರಿಂಥ 10:13, 1 ಕೊರಿಂಥ 6:19–20 ಒಳ್ಳೆಯ ಮೂರು. ಬಾಯಿಪಾಠ ಇರಬೇಕು, ಏಕೆಂದರೆ ಆ ಗಳಿಗೆಯಲ್ಲಿ ಬೈಬಲ್ ಆ್ಯಪ್ ತೆರೆಯಲು ಫೋನು ಕೈಗೆತ್ತಿಕೊಂಡರೆ ಸೋತಂತೆಯೇ. ಹಾಸಿಗೆಯಲ್ಲಿ ಮಲಗಿಕೊಂಡು ಮನಸ್ಸಿನಲ್ಲೇ ಹೇಳಿಕೊಳ್ಳಬೇಡಿ. ಎದ್ದು ಕೂತು, ತುಟಿ ಆಡಿಸಿ ಹೇಳಿ, ರೂಮಿನಿಂದ ಹೊರಗೆ ಬನ್ನಿ. ಮುಖಕ್ಕೆ ನೀರು ಹಾಕಿಕೊಳ್ಳಿ, ಹತ್ತು ಹದಿನೈದು ನಿಮಿಷ ಮಾಳಿಗೆಯ ಮೇಲೋ ಕಾರಿಡಾರಿನಲ್ಲೋ ನಡೆಯಿರಿ. ಆಶೆಯ ಉಬ್ಬರ ನೀವು ಹೆದರುವಷ್ಟು ಹೊತ್ತು ಇರುವುದಿಲ್ಲ. ತಪ್ಪಿಸಿಕೊಳ್ಳುವ ಮಾರ್ಗವನ್ನು ದೇವರು ಕೊಡುತ್ತಾನೆ ಎಂಬ ವಾಗ್ದಾನ ನಿಜ, ಆ ಮಾರ್ಗ ಅನೇಕ ಸಲ ರೂಮಿನ ಬಾಗಿಲೇ ಆಗಿರುತ್ತದೆ.

ಐದನೆಯದು ಜೊತೆ. ಯೌವನದ ಆಶೆಗಳಿಂದ ಓಡಿಹೋಗು ಎಂದ ಪೌಲನು ಅದೇ ಉಸಿರಿನಲ್ಲಿ, ಶುದ್ಧಹೃದಯದಿಂದ ಕರ್ತನನ್ನು ಬೇಡಿಕೊಳ್ಳುವವರ ಸಂಗಡ ನೀತಿಯನ್ನೂ ನಂಬಿಕೆಯನ್ನೂ ಪ್ರೀತಿಯನ್ನೂ ಸಮಾಧಾನವನ್ನೂ ಹಿಂಬಾಲಿಸು ಎಂದನು (2 ತಿಮೊಥೆಯ 2:22). ಒಬ್ಬನೇ ಓಡು ಎನ್ನಲಿಲ್ಲ. ನಿಮಗಿಂತ ಸ್ಥಿರವಾಗಿರುವ, ಬಾಯಿ ಬಿಗಿಯಾದ ಒಬ್ಬ ಸಹೋದರನನ್ನು ಹುಡುಕಿ. ವಾರಕ್ಕೊಮ್ಮೆ, ಒಂದೇ ದಿನ, ಇಪ್ಪತ್ತು ನಿಮಿಷ. ಅವರು ಕೇಳಬೇಕಾದ ಪ್ರಶ್ನೆಗಳು: ಈ ವಾರ ಬಿದ್ದೆಯಾ? ಎಲ್ಲಿ, ಯಾವ ಹೊತ್ತಿಗೆ? ಅದಕ್ಕೆ ಮುಂಚೆ ಎಲ್ಲಿ ನಿಲ್ಲಬಹುದಿತ್ತು? ಈಗ ಹೇಳಿದ್ದರಲ್ಲಿ ಏನಾದರೂ ಮರೆಮಾಚಿದೆಯಾ? ಇದು ಕೆಡುವುದು ಹೇಗೆಂದರೆ, ‘ಸ್ವಲ್ಪ ಎಡವಿದೆ, ಪ್ರಾರ್ಥಿಸಿ’ ಎಂದು ಮೊಟಕಾಗಿ ಹೇಳಿ ಮುಗಿಸುವುದು. ಇಬ್ಬರೂ ಅದೇ ಚಟದಲ್ಲಿದ್ದು ಒಬ್ಬರನ್ನೊಬ್ಬರು ಸಮಾಧಾನ ಮಾಡಿಕೊಳ್ಳುವುದು. ಪ್ರಾರ್ಥನಾ ವಿನಂತಿಯ ಹೆಸರಲ್ಲಿ ಗುಟ್ಟು ಸಭೆಗೆಲ್ಲ ಹರಡುವುದು. ಮೂರನೆಯದು ನಡೆದರೆ ಆ ವ್ಯಕ್ತಿಯನ್ನು ಬಿಟ್ಟುಬಿಡಿ, ಆದರೆ ಹೇಳಿಕೊಳ್ಳುವುದನ್ನೇ ಬಿಡಬೇಡಿ. ಕಥೋಲಿಕ ಓದುಗರಿಗೆ ಪಾಪನಿವೇದನೆ ಇದೆ. ಆದಷ್ಟು ಒಬ್ಬರೇ ಗುರುಗಳ ಬಳಿ ಹೋಗಿ, ಅವರಿಗೆ ನಿಮ್ಮ ದಾರಿ ತಿಳಿದಿರುತ್ತದೆ.

ಖಾಲಿ ಮಾಡಿದ ಹೊತ್ತನ್ನು ಖಾಲಿ ಬಿಡುವುದೂ ಅಪಾಯ. ಗುಡಿಸಿ ಅಲಂಕರಿಸಿದ ಖಾಲಿ ಮನೆಗೆ ದುರಾತ್ಮ ಇನ್ನೂ ಏಳನ್ನು ಕರೆದುಕೊಂಡು ಬಂದ ಸಾಮ್ಯ ನೆನಪಿರಲಿ (ಮತ್ತಾಯ 12:43–45). ಸಂಜೆ ಶಟಲ್ ಆಡಿ, ಅಡುಗೆ ಕಲಿಯಿರಿ, ಸಂಡೇಸ್ಕೂಲಿಗೆ ಪಾಠ ತಯಾರಿಸಿ, ಅಮ್ಮನಿಗೆ ಫೋನ್ ಮಾಡಿ. ಇಷ್ಟೆಲ್ಲ ಮಾಡಿದ ಮೇಲೂ ಕೆಲಸ, ನಿದ್ದೆ, ಓದು ಕೆಡುವಷ್ಟು ಚಟ ಹಿಡಿದಿದ್ದರೆ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗಾಗಿಯೇ ‘ಶಟ್’ ಎಂಬ ಕ್ಲಿನಿಕ್ ಇದೆ. ಅಲ್ಲಿಗೆ ಹೋಗುವುದರಿಂದ ನಂಬಿಕೆಗೆ ಕುಂದಿಲ್ಲ.

ಪ್ರಶ್ನೆ: ನಮ್ಮ ಯೌವನಸ್ಥರ ಕೂಟದಲ್ಲಿ ಈ ವಿಷಯ ಬಂದಾಗಲೆಲ್ಲ ಮಾತು ಹುಡುಗಿಯರ ಬಟ್ಟೆಗೆ ತಿರುಗುತ್ತದೆ. ಅಣ್ಣಂದಿರ ಕಣ್ಣಿಗೆ ನಾವು ಜವಾಬ್ದಾರರೇ?

ಅಲ್ಲ. ಯೇಸು ಕಣ್ಣು ಕಿತ್ತುಹಾಕು ಎಂದದ್ದು ನೋಡುವವನಿಗೆ. ಎದುರಿಗಿರುವವಳನ್ನು ಮುಚ್ಚು ಎನ್ನಲಿಲ್ಲ. ಬತ್ಷೆಬೆ ಸ್ನಾನ ಮಾಡಿದ್ದು ತಪ್ಪೆಂದು 2 ಸಮುವೇಲ ಎಲ್ಲಿಯೂ ಹೇಳುವುದಿಲ್ಲ. ಪ್ರವಾದಿಯಾದ ನಾತಾನನ ಸಾಮ್ಯದಲ್ಲಿ ಆಕೆ ಸಿರಿವಂತನೊಬ್ಬ ಕಿತ್ತುಕೊಂಡ ಬಡವನ ಮುದ್ದಿನ ಕುರಿಮರಿ, ‘ಆ ಮನುಷ್ಯನು ನೀನೇ’ ಎಂಬ ಬೆರಳು ತಿರುಗಿದ್ದು ಅರಸನ ಕಡೆಗೆ. ಬಟ್ಟೆಯ ವಿಷಯದಲ್ಲಿ ಎಲ್ಲರೂ ಎತ್ತಿ ಹೇಳುವ 1 ತಿಮೊಥೆಯ 2:9ರಲ್ಲಿ ಮರ್ಯಾದೆಯ ಉಡುಪು ಎಂದ ಕೂಡಲೇ ಪೌಲನು ಬೇಡವೆಂದು ಹೆಸರಿಸುವುದು ಜಡೆಯ ಶೃಂಗಾರ, ಚಿನ್ನ, ಮುತ್ತು, ಬೆಲೆಬಾಳುವ ವಸ್ತ್ರಗಳನ್ನು. ಬಡವರ ಮುಂದೆ ಸಿರಿವಂತಿಕೆ ಮೆರೆಸುವುದನ್ನು. ನಮ್ಮ ಮದುವೆಗಳಲ್ಲಿ ಆ ವಚನವನ್ನು ಯಾರೂ ಓದುವುದಿಲ್ಲ. ಯುವತಿಯರನ್ನು ಪೂರ್ಣ ಶುದ್ಧಭಾವದಿಂದ ತಂಗಿಯರಂತೆ ಕಾಣು ಎಂದು ಅದೇ ಪತ್ರಿಕೆ ತಿಮೊಥೆಯನಿಗೆ, ಗಂಡಸಿಗೆ, ಹೇಳುತ್ತದೆ (5:2). ನಿಮ್ಮ ಕೂಟದ ಮುಂದಾಳುಗಳಿಗೆ ಈ ಮೂರು ಭಾಗಗಳನ್ನು ಅಧ್ಯಯನಕ್ಕೆ ಕೊಡಿ. ಹೆಣ್ಣುಮಕ್ಕಳಿಗೂ ಕಣ್ಣಿನ, ಹೃದಯದ ಶೋಧನೆ ಇದೆ. ಬಟ್ಟೆಯ ಚರ್ಚೆಯಲ್ಲೇ ಹೊತ್ತು ಹೋದರೆ ಅವರು ತಮ್ಮ ಹೋರಾಟವನ್ನು ಹೇಳಿಕೊಳ್ಳಲು ಕೂಟದಲ್ಲಿ ಜಾಗವೇ ಉಳಿಯುವುದಿಲ್ಲ.

ಪ್ರಶ್ನೆ: ನನಗೆ 52. ಈ ಕಾಮದ ಶೋಧನೆ ನನ್ನ ಕಷ್ಟವಲ್ಲ. ಆದರೆ ನಾದಿನಿಯ ಹೊಸ ಮನೆ, ಅವರ ಕಾರು, ಅವರ ಮಕ್ಕಳ ಅಮೆರಿಕದ ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ನೋಡಿದ ದಿನವೆಲ್ಲ ಮನಸ್ಸು ಕಹಿ. ಇದೂ ಕಣ್ಣಿನ ಪಾಪವೇ?

ಹೌದಕ್ಕ, ಸತ್ಯವೇದದಲ್ಲಿ ಇದು ಕಾಮದಷ್ಟೇ ದೊಡ್ಡ ವಿಷಯ. ಕಣ್ಣೇ ದೇಹಕ್ಕೆ ದೀಪ ಎಂಬ ಯೇಸುವಿನ ಮಾತಿನ (ಮತ್ತಾಯ 6:22–23) ಹಿಂದಿನ ವಚನಗಳು ಭೂಲೋಕದ ಗಂಟಿನ ಬಗ್ಗೆ, ಮುಂದಿನ ವಚನ ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾರಿರಿ ಎಂಬುದು. ಅಲ್ಲಿ ಕೆಟ್ಟ ಕಣ್ಣೆಂದರೆ ಜಿಪುಣತನದ, ಹೊಟ್ಟೆಕಿಚ್ಚಿನ ಕಣ್ಣು. ಆಕಾನನ ಕಣ್ಣು ಬಿದ್ದದ್ದು 200 ಶೆಕೆಲ್ ಬೆಳ್ಳಿ, 50 ಶೆಕೆಲ್ ಚಿನ್ನ, ಶಿನಾರ್ ದೇಶದ ಒಂದು ಮೇಲಂಗಿಯ ಮೇಲೆ. ಇಂದಿನ ತೂಕದಲ್ಲಿ ಸುಮಾರು ಎರಡು ಕಿಲೋ ಬೆಳ್ಳಿ, ಅರ್ಧ ಕಿಲೋ ಮೀರಿದ ಚಿನ್ನ. ಯೋಬನು ಕಣ್ಣಿನ ಒಪ್ಪಂದದ ಅದೇ ಅಧ್ಯಾಯದಲ್ಲಿ ಬಂಗಾರವನ್ನು ನೆಚ್ಚಿಕೊಂಡಿಲ್ಲ ಎಂದೂ, ಹಗೆಯವನ ಕೇಡಿಗೆ ಹಿಗ್ಗಿಲ್ಲ ಎಂದೂ ಆಣೆಯಿಡುತ್ತಾನೆ. ‘ಕಣ್ಣಿನಾಶೆ’ ಮತ್ತು ‘ಬದುಕುಬಾಳಿನ ಡಂಬ’ ಯೋಹಾನನ ಪಟ್ಟಿಯಲ್ಲಿ ಪಕ್ಕಪಕ್ಕದಲ್ಲೇ ಇವೆ (1 ಯೋಹಾನ 2:16).

ಸ್ಟೇಟಸ್ ಮ್ಯೂಟ್ ಮಾಡಬಹುದು. ಮಾಡಿ, ಅವರಿಗೆ ಗೊತ್ತಾಗುವುದಿಲ್ಲ. ಆದರೆ ಸಂಬಂಧಿಕರನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಹಾಗಾಗಿ 73ನೇ ಕೀರ್ತನೆಯನ್ನು ದಿನಕ್ಕೊಂದು ಸಲ ಒಂದು ತಿಂಗಳು ಓದಿ. ದುಷ್ಟರ ಸಮೃದ್ಧಿ ಕಂಡು ಉರಿದವನ ಮನಸ್ಸು 17ನೇ ವಚನದಲ್ಲಿ, ದೇವರ ಆಲಯಕ್ಕೆ ಹೋದ ಮೇಲೆ ತಿರುಗುತ್ತದೆ. ತಿರುಗಿದ್ದು ಅವನ ನೋಟ, ಅವನ ಬದುಕಿನ ಸ್ಥಿತಿ ಹಾಗೆಯೇ ಇತ್ತು. ಇನ್ನೊಂದು ಕೆಲಸ ಕಷ್ಟದ್ದು: ನಾದಿನಿಯ ಹೆಸರು ಹಿಡಿದು ಒಳ್ಳೆಯದಕ್ಕಾಗಿ ಪ್ರಾರ್ಥಿಸಿ, ನಿಮ್ಮ ಕೈಯಲ್ಲಿರುವುದರಲ್ಲಿ ಸ್ವಲ್ಪವನ್ನು ನಿಮಗಿಂತ ಕಡಿಮೆ ಇರುವವರಿಗೆ ಪ್ರತಿ ತಿಂಗಳೂ ಕೊಡಿ. ಮೇಲೆ ನೋಡುತ್ತಲೇ ಇರುವ ಕಣ್ಣಿಗೆ ಕೊಡುವ ಕೈಯೇ ಮದ್ದು.

ಪ್ರಶ್ನೆ: ಗಂಡನ ಫೋನಿನಲ್ಲಿ ಅಂಥ ವಿಡಿಯೊಗಳನ್ನು ಕಂಡೆ. ಅವರಿಗೆ ನಾನು ಸಾಲದಾದೆನೇ? ಏನು ಮಾಡಲಿ?

ಸಹೋದರಿ, ನೀವು ಸಾಲದಾಗಿದ್ದು ಕಾರಣವಲ್ಲ. ಈ ಚಟ ಮದುವೆಗೆ ಮೊದಲೇ ಹತ್ತಿರುವುದು ಎಷ್ಟೋ ಮನೆಗಳಲ್ಲಿದೆ. ರಾತ್ರಿ ಜಗಳವಾಡಬೇಡಿ. ಹಗಲಲ್ಲಿ, ಮಕ್ಕಳಿಲ್ಲದ ಹೊತ್ತಿಗೆ, ಕಂಡದ್ದನ್ನೂ ನೋವನ್ನೂ ನೇರವಾಗಿ ಹೇಳಿ. ಇನ್ನು ಮಾಡುವುದಿಲ್ಲ ಎಂಬ ಆಣೆ ಬೇಡ. ಮೇಲೆ ಇಂಜಿನಿಯರ್ ಸಹೋದರನಿಗೆ ಹೇಳಿದಂಥ ಕಣ್ಣಿಗೆ ಕಾಣುವ ಹೆಜ್ಜೆಗಳನ್ನು ಕೇಳಿ. ದಿನಾ ಅವರ ಫೋನು ತಪಾಸಣೆ ಮಾಡುವ ಪೊಲೀಸಾಗಬೇಡಿ, ಆ ಕೆಲಸವನ್ನು ಸಭಾಪಾಲಕರೋ ಹಿರಿಯ ಸಹೋದರರೋ ವಹಿಸಲಿ. ಕ್ಷಮಿಸುವುದು ಒಂದು ದಿನದಲ್ಲಿ ಆಗಬಹುದು, ನಂಬಿಕೆ ಮರಳಲು ತಿಂಗಳುಗಳು ಬೇಕು. ಅದಕ್ಕೆ ಅವರು ನಿಮ್ಮನ್ನು ಅವಸರಿಸುವಂತಿಲ್ಲ. ನಿಮ್ಮನ್ನು ಬಲವಂತಪಡಿಸುತ್ತಿದ್ದರೆ ಅದನ್ನು ಸಹಿಸಿಕೊಂಡಿರಬೇಕೆಂದು ಯಾವ ವಾಕ್ಯವೂ ಹೇಳುವುದಿಲ್ಲ. ಮಕ್ಕಳನ್ನು ಬಳಸಿದ ಚಿತ್ರಗಳಿದ್ದರೆ ಅದು ಬರೀ ಚಟವಲ್ಲ, ಪೋಕ್ಸೊ ಮತ್ತು ಐಟಿ ಕಾಯ್ದೆಯ 67ಬಿ ಕೆಳಗೆ ಅಪರಾಧ. ಅಲ್ಲಿ ಸಭೆಯೊಳಗೇ ಮುಗಿಸೋಣ ಎನ್ನುವವರ ಮಾತು ಕೇಳಬೇಡಿ.

ಪ್ರಶ್ನೆ: ಮಗನಿಗೆ 12. ಇದನ್ನೆಲ್ಲ ಈಗಲೇ ಹೇಳಬೇಕೆ?

ಈಗಲೇ, ಅಪ್ಪನೇ. ಜ್ಞಾನೋಕ್ತಿಯ 5, 6, 7ನೇ ಅಧ್ಯಾಯಗಳು ತಂದೆ ಮಗನಿಗೆ ನಾಚಿಕೆಯಿಲ್ಲದೆ ಹೇಳಿದ ಮಾತುಗಳು. ಒಂದೇ ದೊಡ್ಡ ಉಪದೇಶ ಬೇಡ, ಸ್ಕೂಟರಿನಲ್ಲಿ ಹೋಗುವಾಗ ಐದೈದು ನಿಮಿಷ, ಹಲವು ಸಲ. ‘ಯಾರಾದರೂ ಕೆಟ್ಟ ಚಿತ್ರ ತೋರಿಸಿದರೆ ಮುಚ್ಚಿ ನನಗೆ ಹೇಳು, ನಾನು ಬೈಯುವುದಿಲ್ಲ’ ಎನ್ನಿ; ಹೇಳಿದ ದಿನ ನಿಜವಾಗಿಯೂ ಬೈಯಬೇಡಿ. ಮನೆಯಲ್ಲಿ ದೊಡ್ಡವರ ಫೋನೂ ರಾತ್ರಿ ಅದೇ ಜಾಗದಲ್ಲಿ ಚಾರ್ಜಿಗೆ ಇರಲಿ. ತನ್ನ ಮನೆಯೊಳಗೆ ಯಥಾರ್ಥಹೃದಯದಿಂದ ನಡೆಯುವೆನು, ನೀಚವಾದದ್ದನ್ನು ಕಣ್ಣ ಮುಂದೆ ಇಡೆನು ಎಂಬ 101ನೇ ಕೀರ್ತನೆ ಯಜಮಾನನ ಹರಕೆಯೇ ಹೊರತು ಮಕ್ಕಳಿಗೆ ಹಾಕಿದ ನಿಯಮವಲ್ಲ.

ಪ್ರಶ್ನೆ: ಅರಿಕೆ ಮಾಡಿ, ಬಿಟ್ಟು, ಎಂಟು ತಿಂಗಳ ಮೇಲೆ ಮತ್ತೆ ಬಿದ್ದೆ. ಪ್ರಾರ್ಥಿಸಲು ಬಾಯಿ ಬರುತ್ತಿಲ್ಲ. ಭಾನುವಾರ ಪವಿತ್ರ ಭೋಜನವಿದೆ.

ಬಿದ್ದ ಮೇಲಿನ ಮೊದಲ ದಿನ ಬಹಳ ಮುಖ್ಯ. ಹೇಗೂ ಬಿದ್ದಾಯಿತು ಎಂದು ಅದೇ ವಾರ ಮೂರು ನಾಲ್ಕು ಸಲ ಬೀಳುವುದು ಈ ದಿನ ಬಾಯಿ ಮುಚ್ಚಿಕೊಂಡಿರುವವರು. ಇವತ್ತೇ, ಈ ಪತ್ರಿಕೆ ಕೆಳಗಿಟ್ಟು, 51ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ದಾವೀದನು ಅಲ್ಲಿ ಕೇಳುವುದು ಕ್ಷಮೆಯನ್ನಷ್ಟೇ ಅಲ್ಲ, ಶುದ್ಧಹೃದಯವನ್ನು ನನ್ನಲ್ಲಿ ನಿರ್ಮಿಸು ಎಂದು ಬೇಡುತ್ತಾನೆ. ಕಾಯಬೇಕಾದ ಹೃದಯವನ್ನು ಕೊಡುವವನೂ ದೇವರೇ. ನಮ್ಮ ಪಾಪಗಳನ್ನು ಒಪ್ಪಿಕೊಂಡು ಅರಿಕೆ ಮಾಡಿದರೆ ಆತನು ಕ್ಷಮಿಸುವುದಕ್ಕೆ ನಂಬಿಗಸ್ತನು ಎಂಬ ಮಾತು (1 ಯೋಹಾನ 1:9) ಬರೆದದ್ದು ನಂಬಿದವರಿಗೆ. ನಾಳೆಯೊಳಗೆ ನಿಮ್ಮ ಜೊತೆಗಾರನಿಗೆ ಅಥವಾ ಸಭಾಪಾಲಕರಿಗೆ ಹೇಳಿ. ಕೇಳಿಸಿಕೊಳ್ಳುವವರಿಗೆ ಗಲಾತ್ಯ 6:1 ಅನ್ವಯಿಸುತ್ತದೆ: ಶಾಂತಭಾವದಿಂದ ತಿರುಗಿ ಸರಿಮಾಡಿ, ನಿಮ್ಮ ವಿಷಯದಲ್ಲೂ ಎಚ್ಚರಿಕೆಯಾಗಿರಿ.

ಪವಿತ್ರ ಭೋಜನದ ಬಗ್ಗೆ: ತನ್ನನ್ನು ಪರೀಕ್ಷಿಸಿಕೊಂಡು, ಹೀಗೆ ರೊಟ್ಟಿಯನ್ನು ತಿನ್ನಲಿ, ಪಾತ್ರೆಯಲ್ಲಿ ಕುಡಿಯಲಿ ಎಂದು ಪೌಲನು ಹೇಳಿದನು (1 ಕೊರಿಂಥ 11:28). ಪರೀಕ್ಷಿಸಿಕೊಂಡು ದೂರ ಇರಲಿ ಎನ್ನಲಿಲ್ಲ. ಅರಿಕೆ ಮಾಡಿ, ಬಿಡಲು ಮನಸ್ಸಿದ್ದು ಬರುವವರಿಗೆ ಆ ಮೇಜು ಇದೆ. ಕಥೋಲಿಕರು ಮೊದಲು ಪಾಪನಿವೇದನೆ ಮಾಡಿ ಬರಬೇಕು. ಶನಿವಾರ ಸಂಜೆ ಗುರುಗಳು ಸಿಗುತ್ತಾರೆಯೇ ಎಂದು ಇಂದೇ ವಿಚಾರಿಸಿ. ಆ ಎಂಟು ತಿಂಗಳು ಅಳಿಸಿಹೋಗಿಲ್ಲ. ಅಷ್ಟು ದಿನ ಯಾವ ಕ್ರಮ ಕೆಲಸ ಮಾಡಿತ್ತು, ಕೊನೆಯ ಎರಡು ವಾರಗಳಲ್ಲಿ ಅದರಲ್ಲಿ ಯಾವುದು ಸಡಿಲವಾಯಿತು ಎಂದು ಬರೆಯಿರಿ. ವಾರದ ಭೇಟಿ ತಪ್ಪಿತ್ತೇ, ಫೋನು ಮತ್ತೆ ಹಾಸಿಗೆಯ ಪಕ್ಕಕ್ಕೆ ಬಂದಿತ್ತೇ? ಸಡಿಲವಾದದ್ದನ್ನು ಈ ರಾತ್ರಿ ಮಲಗುವ ಮೊದಲು ಸರಿಪಡಿಸಿ.